ಮೂರು ವಿನಾಯಿತಿ

ಬಾಗಿಲು ಪೂರ್ತಿ ಮುಚ್ಚುವ ಮೊದಲೇ ಹೇಳಿಬಿಡುತ್ತೇನೆ,
ಪ್ರತಿ ಮಗುವಿಗೂ, ಇಪ್ಪತ್ತೆರಡು ವರ್ಷದಿಂದ, ಅದೇ ಮಾತು:
ಇಲ್ಲಿ ಆಡಿದ್ದು ಇಲ್ಲೇ ಉಳಿಯುತ್ತದೆ,
ಮೂರನ್ನು ಬಿಟ್ಟು.
ನಿನ್ನನ್ನು ನೀನು ನೋಯಿಸಿಕೊಳ್ಳುವುದಾದರೆ, ಒಂದು.
ಇನ್ನೊಬ್ಬರನ್ನು ನೋಯಿಸುವುದಾದರೆ, ಎರಡು.
ನಿನ್ನನ್ನು ಯಾರಾದರೂ ನೋಯಿಸುತ್ತಿದ್ದರೆ, ಮೂರು.
ವಿಮಾನ ಏಳುವ ಮುನ್ನ ಬಾಗಿಲು ತೋರಿಸುವ ಗಗನಸಖಿಯ ಹಾಗೆ
ನನ್ನ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತವೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ಇದನ್ನು ಕೇಳಿ ಬೆಳೆದವಳಿಗೆ
ಆಡು, ಆಡು ಎಂದು ಗೋಗರೆಯುವ ಕೆಲಸ ಕೊಟ್ಟು
ಡುಲೂತ್ ಊರು ಸಂಬಳ ಕೊಡುತ್ತಿದೆ.

ಕೆಲಸವೆಂದರೆ ಬರೀ ಕಣ್ಣೀರು ಅಂದುಕೊಳ್ಳಬೇಡಿ.
ನಾನೂರ ಹದಿನೆಂಟು ಮಕ್ಕಳು, ಒಬ್ಬಳು ನಾನು.
ಗಾಯನದ ಕ್ಲಾಸು ಬೇಡ, ವೆಲ್ಡಿಂಗ್ ಬೇಕು ಅನ್ನುವವನು;
ಕಾಲೇಜಿನ ಧನಸಹಾಯದ ಫಾರಮ್ಮಿನಲ್ಲಿ
ಅಪ್ಪನ ಆದಾಯದ ಮುಂದೆ
‘ಅಪ್ಪನೇ ಎಲ್ಲಿದ್ದಾನೋ’ ಎಂದು ಬರೆದವಳು;
ಪರೀಕ್ಷೆಯ ವಾರ ಪೆನ್ಸಿಲು ಎಣಿಸುವುದು, ಊಟದ ಹೊತ್ತು
ತಟ್ಟೆಗಳು ಹಾರದ ಹಾಗೆ ಕಾವಲು ನಿಲ್ಲುವುದು;
ಮಂದಾಕಿನಿ ಎಂಬುದು ‘ಮಿಸ್ ಮ್ಯಾಂಡಿ’ ಆದದ್ದಕ್ಕೆ
ಹೂಂಗುಟ್ಟುವುದೂ ಅದರಲ್ಲೇ ಸೇರಿದೆ.
ಟಿಶ್ಯೂ ಪೆಟ್ಟಿಗೆ ಮಾತ್ರ ನನ್ನ ದುಡ್ಡಿನದು.
ಸ್ಕೂಲು ಕೊಡುವುದು ಒರಟು, ಮೂಗು ಕೆಂಪಾಗುತ್ತದೆ,
ಅತ್ತದ್ದು ಕಾರಿಡಾರಿಗೆಲ್ಲ ಗೊತ್ತಾಗುತ್ತದೆ.

ನವೆಂಬರಿನಲ್ಲಿ ಆರಿನ್ ಲಾಹ್ಟಿ ಬಂದ.
ಕೋಟು ಬಿಚ್ಚಲಿಲ್ಲ. ಮೂರನ್ನೂ ಕೇಳಿಸಿಕೊಂಡ,
ಚಿಲ್ಲರೆ ಸರಿಯಿದೆಯೇ ಎಂದು ಎಣಿಸಿಕೊಳ್ಳುವವನ ಹಾಗೆ.
ಆಮೇಲೆ ಅಂದ: ಬೀಜಗಣಿತ ಮೊದಲ ಪೀರಿಯಡ್ಡು ಬೇಡ,
ಆರನೆಯದಕ್ಕೆ ಹಾಕಿ.
ಯಾಕೆ?
ತಂಗಿಯನ್ನು ಬಸ್ಸು ಹತ್ತಿಸಿ ಬರಬೇಕು.
ಅಮ್ಮ?
ರಾತ್ರಿ ಪಾಳಿ. ಪೇಪರ್ ಮಿಲ್ಲು.
ಮನೆಯಲ್ಲಿ ಬೇರೆ ದೊಡ್ಡವರು?
ಕಿಟಕಿಯಾಚೆ ನೋಡಿದ. ಕೆಳಗೆ ಸರೋವರದಲ್ಲಿ
ಅದಿರಿನ ಹಡಗೊಂದು ಸೇತುವೆ ಏಳಲೆಂದು ಕಾಯುತ್ತಿತ್ತು.
ಇದ್ದಾನೆ, ಅಂದ.
ಹಡಗು ಕೂಗಿತು, ಸೇತುವೆ ಕೂಗಿ ಓಗೊಟ್ಟಿತು.
ಅದನ್ನು ಕೇಳಲೆಂದೇ ಬಂದವರಂತೆ ಇಬ್ಬರೂ ಕೂತೆವು.

ಆರನೆಯದಕ್ಕೆ ಹಾಕಿಕೊಟ್ಟೆ.
‘ಇದ್ದಾನೆ’ ಎಂಬುದಕ್ಕೆ ಫಾರಮ್ಮಿನಲ್ಲಿ ಕಾಲಂ ಇರಲಿಲ್ಲ.
ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದು ಒಂದು ಚುಕ್ಕೆ ಇಟ್ಟೆ.
ಮತ್ತೆ ನಾಲ್ಕು ಸಲ ಕರೆಸಿದೆ, ವೇಳಾಪಟ್ಟಿಯ ನೆಪ.
ಕೆದಕಬಾರದು; ಸುಮ್ಮನಿರಲೂಬಾರದು.
ಚಳಿಯ ಮಾತು, ಹಾಕಿ ಆಟದ ಮಾತು,
ತಂಗಿ ಟಿಲ್ಡಾಳ ಉದುರಿದ ಹಲ್ಲಿನ ಮಾತು.

ಫೆಬ್ರವರಿ. ಮೈನಸ್ ಇಪ್ಪತ್ತು. ಬಸ್ಸುಗಳೆಲ್ಲ ತಡ.
ಕರೆಸದೆಯೇ ಬಂದು, ಕೂರದೆ, ಬಾಗಿಲಲ್ಲೇ ನಿಂತು
ಒಂದು ಅಂಕಿ ಹೇಳಿದ:
ಮೂರು.

ಗೋಗರೆದದ್ದು ಮಡಿಲಿಗೆ ಬಿದ್ದಾಗ
ಕೈ ಹೀಗೆ ತಣ್ಣಗಾಗುತ್ತದೆಂದು ಯಾರೂ ಕಲಿಸಿರಲಿಲ್ಲ.
ಅವನೆದುರಿಗೇ ಫೋನು ಎತ್ತಿದೆ, ಕದ್ದು ಮಾಡುವ ಕೆಲಸವಲ್ಲ ಅದು.
ಕೌಂಟಿಯವರು ಹನ್ನೊಂದು ನಿಮಿಷ ಸಂಗೀತ ಕೇಳಿಸಿದರು,
ಮದುವೆಮನೆಯಲ್ಲಿ ಕುಣಿಯುವಂಥ ಸಂಗೀತ.
ಅವನು ಶೂ ನೋಡುತ್ತಿದ್ದ. ಲೇಸು ಒಂದು ಕಪ್ಪು, ಒಂದು ಬಿಳಿ.
‘ಟಿಲ್ಡಾ ನನ್ನ ಜೊತೇನೇ ಇರ್ತಾಳಾ?’
ಹೌದು ಅನ್ನಬಹುದಿತ್ತು. ಗೊತ್ತಿಲ್ಲ ಅಂದೆ.
ಕೇಳುತ್ತೇನೆ, ಬಿಡದೆ ಕೇಳುತ್ತಲೇ ಇರುತ್ತೇನೆ ಅಂದೆ.
ಇಪ್ಪತ್ತೆರಡು ವರ್ಷದ ವಿದ್ಯೆ ಅಷ್ಟೇ ಇತ್ತು.

ಆಮೇಲೆ ಕಾರಿಡಾರಿನಲ್ಲಿ ನನ್ನನ್ನು ಕಂಡರೆ
ನೀರಿನ ನಲ್ಲಿಗೆ ಬಗ್ಗುತ್ತಿದ್ದ, ಬಾಯಾರಿಕೆಯಿಲ್ಲದೆ.
ಅವನಮ್ಮ ಒಂದು ಬೆಳಗ್ಗೆ ಮಿಲ್ಲಿನ ಬಟ್ಟೆಯಲ್ಲೇ ಬಂದು
‘ನಮ್ಮನೆ ನಿಮಗೇನು ಗೊತ್ತು’ ಅಂದಳು.
ನ್ಯಾಯವಾದ ಪ್ರಶ್ನೆ.
ಟಿಶ್ಯೂ ಮುಂದೆ ಸರಿಸಿದೆ. ಮುಟ್ಟಲಿಲ್ಲ.

ಏಪ್ರಿಲ್ಲಿನ ಕೊನೆ. ಹಿಮ ಕರಗಿ
ಊರಿನ ಇಳಿಜಾರಿನಲ್ಲೆಲ್ಲ ಕೊಳೆನೀರು.
ನನ್ನ ಟ್ರೇಯಲ್ಲಿ ಒಂದು ಚೀಟಿ:
ಬೀಜಗಣಿತ, ಆರರಿಂದ ಒಂದನೆಯ ಪೀರಿಯಡ್ಡಿಗೆ.
ವಿಳಾಸ ಹೊಡೆದು ಹೊಸದು ಬರೆದಿತ್ತು,
ಯಾರೋ ಚಿಕ್ಕಮ್ಮನ ಮನೆ, ಸ್ಕೂಲಿನ ಹಿಂದಿನ ಬೀದಿ.
ಕಾರಣ ಎಂಬಲ್ಲಿ ಖಾಲಿ.
ಮಾರ್ಚ್ ಕಳೆದ ಮೇಲೆ ವೇಳಾಪಟ್ಟಿ ಬದಲಿಸುವಂತಿಲ್ಲ.
ಆ ನೋಟೀಸು ಗೋಡೆಗೆ ಅಂಟಿಸಿದವಳೂ ನಾನೇ.
ಸಹಿ ಹಾಕಿದೆ.
ಪೆನ್ನು ಮೂಡಲಿಲ್ಲ,
ಇನ್ನೊಂದು ಸಲ ಒತ್ತಿ ಹಾಕಿದೆ.